ಹಳ್ಳ ದಾಟುವ ಮುನ್ನ

ಕರ್ನಾಟಕದ ಭೂಪಟವನ್ನು ಮುಂದಿಟ್ಟುಕೊಂಡು ನಂದಿಬೆಟ್ಟದ ಸುತ್ತ ಬೆರಳಾಡಿಸಿದರೆ ಒಂದು ಸೋಜಿಗ ಕಣ್ಣಿಗೆ ಬೀಳುತ್ತದೆ. ವರ್ಷಕ್ಕೆ ಸುಮಾರು 75 ಸೆಂಟಿಮೀಟರ್ ಮಳೆ ಕಾಣುವ ಈ ಒಣ ಸೀಮೆಯ ಗುಡ್ಡಸಾಲುಗಳಿಂದ ಆರು ನದಿಗಳು ಹೊರಡುತ್ತವೆ. ಅರ್ಕಾವತಿ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಕೂಡುತ್ತದೆ. ಚೆನ್ನಕೇಶವ ಬೆಟ್ಟದಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರನ್ನು ಹಾಯ್ದು ಆಂಧ್ರಕ್ಕಿಳಿದು ನೆಲ್ಲೂರಿನ ಕಡೆ ಸಮುದ್ರ ಸೇರುತ್ತದೆ. ದಕ್ಷಿಣ ಪಿನಾಕಿನಿಯ ಪಯಣ ತಮಿಳುನಾಡಿನ ಕಡಲೂರಿನವರೆಗೆ. ಚಿತ್ರಾವತಿ ಬಾಗೇಪಲ್ಲಿಯ ಮೇಲೆ, ಪಾಪಾಗ್ನಿ ಅದರ ಪೂರ್ವಕ್ಕೆ, ಎರಡೂ ಕೊನೆಗೆ ಪಿನಾಕಿನಿಯ ಮಡಿಲಿಗೇ. ಚಿಂತಾಮಣಿ ಕಡೆಯ ಗುಡ್ಡಗಳು ಪಾಲಾರ್ ನದಿಗೆ ತವರು.

ಆದರೆ ಈ ನದಿಗಳ ತವರಿನಲ್ಲೇ ಹುಟ್ಟಿ ಬೆಳೆದ ಮಕ್ಕಳನ್ನು ಕೇಳಿ ನೋಡಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹತ್ತನೇ ತರಗತಿಯ ಬಹುಪಾಲು ವಿದ್ಯಾರ್ಥಿಗಳಿಗೆ ನದಿ ಎಂದರೆ ಸೇತುವೆಯ ಕೆಳಗಿನ ಮರಳು, ಜಾಲಿಯ ಪೊದೆ. ನೀರು ಎಂದರೆ ಸಾವಿರ ಅಡಿ ಆಳದ ಕೊಳವೆಬಾವಿ, ಬೀದಿಗೆ ಬರುವ ಟ್ಯಾಂಕರ್, ಕೆರೆಯಂಗಳದ ಒಂದಿಷ್ಟು ನಿಂತ ನೀರು. ನದಿಗಳ ಹೆಸರನ್ನು ಅವರು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯಬಲ್ಲರು. ಹರಿಯುವ ನೀರಿನಲ್ಲಿ ಕಾಲಿಟ್ಟು ಅದರ ನೂಕನ್ನು ಅನುಭವಿಸಿದವರು ಮಾತ್ರ ಬಹಳ ಕಡಿಮೆ.

ಇದು ಬರಿಯ ವಿಷಾದದ ಸಂಗತಿಯಾಗಿದ್ದರೆ ಇಲ್ಲಿ ಪ್ರಸ್ತಾಪಿಸಬೇಕಾಗಿರಲಿಲ್ಲ. ಇದೇ ಮಕ್ಕಳು ಪಿ.ಯು.ಸಿ. ಮುಗಿಸಿದೊಡನೆ ಬೆನ್ನಿಗೆ ಚೀಲ ಏರಿಸಿ ಚಾರಣಕ್ಕೆ ಹೊರಡುತ್ತಾರೆ. ಮೊದಲು ಸ್ಕಂದಗಿರಿ, ಆವಲಬೆಟ್ಟ, ಅಂಬಾಜಿದುರ್ಗ, ಕೈವಾರದ ಬೆಟ್ಟ. ಆಮೇಲೆ ಕೊಡಗು, ಚಿಕ್ಕಮಗಳೂರು, ಕುದುರೆಮುಖ. ಸ್ವಲ್ಪ ಧೈರ್ಯವೂ ದುಡ್ಡೂ ಕೂಡಿದರೆ ಮೇ ತಿಂಗಳ ರಜೆಯಲ್ಲಿ ಹಿಮಾಚಲ, ಉತ್ತರಾಖಂಡ. ಮನೆಯವರ ಆತಂಕವೆಲ್ಲ ಎತ್ತರದ ಬಗ್ಗೆ. 'ತುದಿಗೆ ಹೋಗಬೇಡ, ಫೋಟೊ ತೆಗೆಸಿಕೊಳ್ಳಲು ಬಂಡೆ ಹತ್ತಬೇಡ' ಎಂದು ಹೇಳಿ ಕಳಿಸುತ್ತಾರೆ. ದಾರಿಯಲ್ಲಿ ಹಳ್ಳ ಎದುರಾದರೆ ಏನು ಮಾಡಬೇಕೆಂದು ಹೇಳುವವರು ಅಪರೂಪ. ಹೇಳಲು ಹಿರಿಯರಿಗೂ ತಿಳಿದಿರಬೇಕಲ್ಲ!

ಬೆಟ್ಟದ ಭಯ ಬೇಡವೆಂದಲ್ಲ. 2022ರ ಫೆಬ್ರುವರಿಯಲ್ಲಿ ನಂದಿಯ ಪಕ್ಕದ ಬ್ರಹ್ಮಗಿರಿಯಲ್ಲಿ ಕಾಲುಜಾರಿದ ಕಾಲೇಜು ವಿದ್ಯಾರ್ಥಿಯೊಬ್ಬ ಸುಮಾರು 300 ಅಡಿ ಕೆಳಗಿನ ಬಂಡೆಯ ಅಂಚಿನಲ್ಲಿ ಸಿಕ್ಕಿಕೊಂಡಾಗ ವಾಯುಪಡೆಯ ಹೆಲಿಕಾಪ್ಟರ್ ಬಂದು ಮೇಲೆತ್ತಬೇಕಾಯಿತು. ಅದು ಮಳೆಯೇ ಇಲ್ಲದ ತಿಂಗಳು. ಅದೃಷ್ಟವಶಾತ್ ಆತ ಬದುಕಿದ. ಹಳ್ಳದಲ್ಲಿ ಕೊಚ್ಚಿಹೋದವರ ವಿಷಯದಲ್ಲಿ ಹೆಲಿಕಾಪ್ಟರ್ ಬರುವಷ್ಟು ಸಮಯವೇ ಇರುವುದಿಲ್ಲ.

ಒಣ ಬಂಡೆಯ ಮೋಸ

ಮಲೆನಾಡಿನ ಕಾಡಿನ ನೆಲ ಮಳೆಯನ್ನು ಕುಡಿಯುತ್ತದೆ. ತರಗೆಲೆ, ಬೇರು, ಹಾವಸೆ, ಮೆದು ಮಣ್ಣು ಇವೆಲ್ಲ ನೀರನ್ನು ಹಿಡಿದು ನಿಧಾನವಾಗಿ ಬಿಡುತ್ತವೆ. ಬೀಳುವ ಮಳೆಗೂ ಏರುವ ಹಳ್ಳಕ್ಕೂ ನಡುವೆ ಒಂದಿಷ್ಟು ಬಿಡುವಿರುತ್ತದೆ. ನಂದಿ, ಸ್ಕಂದಗಿರಿ, ಅಂಬಾಜಿದುರ್ಗಗಳ ಸ್ವಭಾವವೇ ಬೇರೆ. ಇವು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟಿನ ಬೋಳು ಗುಡ್ಡಗಳು. ಬಂಡೆಯ ಮೇಲೆ ಬಿದ್ದ ನೀರಿಗೆ ಇಂಗುವ ದಾರಿ ಇಲ್ಲ, ಇಳಿಯುವ ದಾರಿ ಒಂದೇ.

ಲೆಕ್ಕ ಹಾಕಿ ನೋಡಿದರೆ ಇದರ ಗಾತ್ರ ಅರ್ಥವಾಗುತ್ತದೆ. ಒಂದು ಚದರ ಕಿಲೋಮೀಟರ್ ಜಾಗದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಆ ನೀರು 1 ಕೋಟಿ ಲೀಟರ್. ಈ ಭಾಗದವರಿಗೆ ಚೆನ್ನಾಗಿ ಪರಿಚಯವಿರುವ ಅಳತೆಯಲ್ಲಿ ಹೇಳುವುದಾದರೆ, 10,000 ಲೀಟರಿನ ಸಾವಿರ ಟ್ಯಾಂಕರ್! ಗುಡುಗಿನ ಮಳೆಯೊಂದು ಗಂಟೆಯಲ್ಲಿ 5 ಸೆಂಟಿಮೀಟರ್ ಸುರಿಸಿತೆನ್ನಿ. 5,000 ಟ್ಯಾಂಕರ್ ಆಯಿತು. ಅದರಲ್ಲಿ ಅರ್ಧ ಇಂಗಿತು, ಹೊಂಡಗಳಲ್ಲಿ ನಿಂತಿತು ಎಂದು ಬಿಟ್ಟುಬಿಡೋಣ. ಉಳಿದ ಅರ್ಧ ಒಂದು ಗಂಟೆಯಲ್ಲಿ ಒಂದೇ ಕಣಿವೆಯಿಂದ ಇಳಿಯಬೇಕಾದರೆ ಒಂದೂವರೆ ಸೆಕೆಂಡಿಗೊಂದು ಟ್ಯಾಂಕರ್ ಖಾಲಿಯಾದಂತೆ. ಬೆಳಿಗ್ಗೆ ಚಪ್ಪಲಿಯೂ ನೆನೆಯದಂತೆ ದಾಟಿಹೋದ ಕಲ್ಲುಗುಂಡಿ ಮಧ್ಯಾಹ್ನಕ್ಕೆ ಈ ರೂಪ ತಾಳಬಲ್ಲದು.

2021ರ ಆಗಸ್ಟ್ 24ರ ರಾತ್ರಿ ನಂದಿಬೆಟ್ಟದಲ್ಲಿ ಆದದ್ದು ಇಂಥದೇ. ರಭಸದ ಮಳೆಗೆ ಗುಡ್ಡ ಜರಿದು, ಕಲ್ಲುಮಣ್ಣಿನೊಂದಿಗೆ ಇಳಿದ ನೀರು ಬೆಟ್ಟದ ಡಾಂಬರು ರಸ್ತೆಯನ್ನೇ ಕತ್ತರಿಸಿಕೊಂಡು ಹೋಯಿತು. ವಾಹನಗಳು ಏರುತ್ತಿದ್ದ ತಿರುವಿನಲ್ಲಿ ರಸ್ತೆಯ ಬದಲು ಕೊರಕಲು. ತಿಂಗಳುಗಟ್ಟಲೆ ಪ್ರವಾಸಿಗರಿಗೆ ಬೆಟ್ಟದ ಬಾಗಿಲು ಮುಚ್ಚಿತ್ತು. ಅದೇ ವರ್ಷದ ನವೆಂಬರಿನಲ್ಲಿ ಜಿಲ್ಲೆಯ ಕೆರೆಗಳು ಒಂದರ ಹಿಂದೊಂದು ಕೋಡಿ ಬಿದ್ದು, ರಸ್ತೆಗಳು ಮುಳುಗಿ, ಎಷ್ಟೋ ವರ್ಷ ಮರಳಿನ ಗೆರೆಯಾಗಿದ್ದ ನದಿಗಳು ತಮ್ಮ ಹಳೆಯ ಪಾತ್ರವನ್ನು ನೆನಪಿಸಿಕೊಂಡವು. ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಬೇಕಿಲ್ಲ ಎಂಬ ಗಾದೆಯ ಅರ್ಥ ಎಷ್ಟೋ ಎಳೆಯರಿಗೆ ಅಂದೇ ಮೊದಲು ತಿಳಿದಿರಬೇಕು.

ನೀರು ಬಂದಾಗ ಜನ ಅದನ್ನು ನೋಡಲು ಹೋಗುವುದು ಸಹಜ. ಬರದ ಸೀಮೆಯಲ್ಲಿ ಕೋಡಿ ಹರಿಯುವುದೆಂದರೆ ಜಾತ್ರೆಯೇ ಸರಿ. ಚಿಕ್ಕಬಳ್ಳಾಪುರದ ಬಳಿಯ ಶ್ರೀನಿವಾಸ ಸಾಗರ ತುಂಬಿ ಕಟ್ಟೆಯ ಮೇಲಿಂದ ನೀರು ಜಾರತೊಡಗಿದಾಗ ಅದರ ಕೆಳಗೆ ನೆನೆಯಲು ಬೆಂಗಳೂರಿನಿಂದಲೂ ಜನ ಬಂದರು. 2022ರ ಮೇ ತಿಂಗಳಲ್ಲಿ ಆ ನೀರಿನ ಗೋಡೆಯನ್ನು ಹತ್ತಲು ಹೊರಟ ಯುವಕನೊಬ್ಬ ಅರ್ಧಕ್ಕಿಂತ ಮೇಲೇರಿ ಕೈಜಾರಿ ಬಿದ್ದುದನ್ನು ಮೊಬೈಲಿನಲ್ಲಿ ನಾಡೆಲ್ಲ ನೋಡಿತು. ಪಾಚಿಗಟ್ಟಿದ ಕಲ್ಲಿನ ಮೇಲೆ ತೆಳ್ಳನೆಯ ನೀರು ಹರಿದರೆ ಘರ್ಷಣೆ ಎಷ್ಟು ಕಡಿಮೆಯಾಗುತ್ತದೆ ಎಂಬ ಪಾಠವನ್ನು ಆತ ಶಾಲೆಯಲ್ಲಿ ಓದಿಯೇ ಇದ್ದಿರಬೇಕು. ಕಟ್ಟೆಯ ಮುಂದೆ ನಿಂತಾಗ ಅದು ಯಾರಿಗೂ ನೆನಪಾಗುವುದಿಲ್ಲ.

ಮೊಣಕಾಲಿನ ಲೆಕ್ಕ

ಹರಿಯುವ ನೀರು ಮನುಷ್ಯನನ್ನು ಹೇಗೆ ಕೆಡವುತ್ತದೆ? ಈಜು ಬಾರದ್ದರಿಂದ ಮುಳುಗುತ್ತಾರೆ ಎಂಬುದು ಸಾಮಾನ್ಯ ನಂಬಿಕೆ. ಹಳ್ಳದ ಮಟ್ಟಿಗೆ ಇದು ಪೂರ್ತಿ ನಿಜವಲ್ಲ. ಹಳ್ಳದಲ್ಲಿ ಸಾಯುವವರು ಎಷ್ಟೋ ಸಲ ಸೊಂಟದಷ್ಟು ನೀರಿನಲ್ಲೇ ಕಾಲು ಕಳೆದುಕೊಂಡು, ಬಂಡೆಗೆ ತಲೆ ಬಡಿದು, ಅಥವಾ ಬಿದ್ದ ಮರದ ಕೊಂಬೆಗಳಿಗೆ ಸಿಕ್ಕಿ ಸಾಯುತ್ತಾರೆ. ಈಜುಕೊಳದಲ್ಲಿ ಕಲಿತ ಈಜು ಅಲ್ಲಿ ಬಹಳ ನೆರವಾಗುವುದಿಲ್ಲ.

ಇದರ ಹಿಂದಿನ ವಿಜ್ಞಾನ ಪ್ರೌಢಶಾಲೆಯ ಪಠ್ಯದ ಆಚೆಗೇನೂ ಹೋಗುವುದಿಲ್ಲ. ನೀರು ದೇಹವನ್ನು ತಳ್ಳುವ ಬಲ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಮೊಣಕಾಲಿನವರೆಗೆ ನೀರಿದೆ ಎನ್ನಿ. ಸೆಕೆಂಡಿಗೆ 1 ಮೀಟರ್, ಅಂದರೆ ನಿಧಾನ ನಡಿಗೆಯ ವೇಗದಲ್ಲಿ ಹರಿಯುತ್ತಿದ್ದರೆ ಎರಡು ಕಾಲುಗಳ ಮೇಲೆ ಬೀಳುವ ಒತ್ತಡ ಸುಮಾರು 6 ಕೆ.ಜಿ. ತೂಕದಷ್ಟು. 2 ಮೀಟರಿಗೆ ಏರಿದರೆ 24 ಕೆ.ಜಿ. 3 ಮೀಟರಿಗೆ ಏರಿದರೆ 54 ಕೆ.ಜಿ. ನೀರಿನ ಆಳ ಅಷ್ಟೇ ಇದೆ, ಮೊಣಕಾಲು ದಾಟಿಲ್ಲ. ಆದರೂ ಕೊನೆಯ ಸಂದರ್ಭದಲ್ಲಿ ಒಬ್ಬ ಆಳೇ ಬಂದು ಕಾಲಿಗೆ ಆತುಕೊಂಡಂತೆ.

ಈಗ ಆರ್ಕಿಮಿಡೀಸನನ್ನು ನೆನೆಯಬೇಕು. 60 ಕೆ.ಜಿ. ತೂಕದ ಹುಡುಗ ಸೊಂಟದವರೆಗೆ ನೀರಿಗಿಳಿದರೆ ಅವನ ದೇಹ ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟು, ಸರಿಸುಮಾರು 24 ಕೆ.ಜಿ., ಮೇಲ್ಮುಖವಾಗಿ ಎತ್ತಲ್ಪಡುತ್ತದೆ. ಪಾದಗಳು ನೆಲವನ್ನು ಒತ್ತುವುದು ಉಳಿದ 36 ಕೆ.ಜಿ.ಯಿಂದ ಮಾತ್ರ. ಲೋಳೆ ಕಟ್ಟಿದ ಕಲ್ಲಿನ ಮೇಲೆ ಘರ್ಷಣೆಯ ಹಿಡಿತ ಆ ಒತ್ತಡದ ಮೂರನೇ ಒಂದಕ್ಕಿಂತ ಕಡಿಮೆ, 11 ಕೆ.ಜಿ. ಇರಬಹುದು. ಇತ್ತ ತೊಡೆ ಸೊಂಟಗಳೂ ನೀರಿಗೆ ಅಡ್ಡ ನಿಂತಿರುವುದರಿಂದ ನಿಧಾನ ನಡಿಗೆಯ ವೇಗದ ನೀರೇ 12 ಕೆ.ಜಿ.ಯಷ್ಟು ತಳ್ಳುತ್ತದೆ. ಹಿಡಿತ 11, ನೂಕು 12. ಕಾಲು ತಾನಾಗಿ ಎದ್ದುಬಿಡುತ್ತದೆ. ಇವು ಒರಟು ಲೆಕ್ಕಗಳೇ ಹೌದು, ಕಲ್ಲಿನಿಂದ ಕಲ್ಲಿಗೆ, ಆಳಿನಿಂದ ಆಳಿಗೆ ಬದಲಾಗುತ್ತವೆ. ಆದರೆ ಬೆಟ್ಟಗಳಲ್ಲಿ ಓಡಾಡುವ ಅನುಭವಿಗಳು ಹೇಳುವ ಹಳೆಯ ನಿಯಮ, 'ರಭಸವಿದ್ದರೆ ಮೊಣಕಾಲಿಗಿಂತ ಮೇಲೆ ಬೇಡ' ಎನ್ನುವುದು, ಈ ಲೆಕ್ಕಕ್ಕೆ ಕರಾರುವಾಕ್ಕಾಗಿ ಹೊಂದುತ್ತದೆ.

ಇನ್ನೊಂದು ಸಂಗತಿ ಇನ್ನೂ ವಿಚಿತ್ರ. ನೀರು ಉರುಳಿಸಬಲ್ಲ ಕಲ್ಲಿನ ತೂಕ ವೇಗದ ಆರನೇ ಘಾತಕ್ಕೆ ಅನುಗುಣವಾಗಿರುತ್ತದೆ ಎಂದು ಕೇಂಬ್ರಿಜ್‌ನ ವಿಲಿಯಂ ಹಾಪ್ಕಿನ್ಸ್ 19ನೇ ಶತಮಾನದಲ್ಲೇ ತೋರಿಸಿದ. ವೇಗ ಇಮ್ಮಡಿಯಾದರೆ 64 ಪಟ್ಟು ತೂಕದ ಕಲ್ಲು ಕದಲುತ್ತದೆ. ನೆಲ್ಲಿಕಾಯಿಯಷ್ಟು ಕಲ್ಲನ್ನು ಉರುಳಿಸುತ್ತಿದ್ದ ಹಳ್ಳ ಏಕಾಏಕಿ ತೆಂಗಿನಕಾಯಿಗಿಂತ ದಪ್ಪದ ಗುಂಡನ್ನು ಉರುಳಿಸತೊಡಗುವುದು ಹೀಗೆ. ತುಂಬಿದ ಹಳ್ಳದ ತಳದಿಂದ ಗುಡುಗುಡು ಸದ್ದು ಕೇಳಿಬಂದರೆ ಅದು ನೀರಿನ ಸದ್ದಲ್ಲ, ಕಲ್ಲುಗಳು ಒಂದಕ್ಕೊಂದು ಬಡಿಯುವ ಸದ್ದು. ಅಂಥ ನೀರಿಗೆ ಪಾದವಿಡುವುದು ಬೀಸುವ ಕಲ್ಲಿನೊಳಗೆ ಕೈ ಹಾಕಿದಂತೆ.

ಋತುವಿನ ಮೊದಲ ದಿನಗಳು

ಚಾರಣಕ್ಕೆ ಹೋಗುವವರಿಗೆ ಋತುವಿನ ಆರಂಭವೆಂದರೆ ಇಷ್ಟ. ಗುಂಪು ಕಡಿಮೆ, ಹಸಿರು ಚಿಗುರಿರುತ್ತದೆ, ಹಿಮಾಲಯದಲ್ಲಾದರೆ ಹಿಮ ಇನ್ನೂ ಕರಗಿರುವುದಿಲ್ಲ. ಅಪಾಯವೂ ಆಗಲೇ ಹೆಚ್ಚು ಎಂಬುದು ಹಲವರ ಗಮನಕ್ಕೆ ಬಂದಿಲ್ಲ.

ಈ ಭಾಗದಲ್ಲಿ ಭರಣಿ, ಕೃತ್ತಿಕೆಯ ಮಳೆಗಳು ಏಪ್ರಿಲ್, ಮೇ ತಿಂಗಳುಗಳಲ್ಲಿ ಗುಡುಗು ಸಿಡಿಲಿನೊಂದಿಗೆ ಬರುತ್ತವೆ. ಬೆಳಗಿನಿಂದ ಕಾದ ನೆಲ ಮಧ್ಯಾಹ್ನದ ಹೊತ್ತಿಗೆ ಮೋಡಗಳನ್ನು ಎತ್ತರಕ್ಕೆ ಎಬ್ಬಿಸುತ್ತದೆ, ಮೂರು ನಾಲ್ಕು ಗಂಟೆಗೆ ಮಳೆ ಇಳಿಯುತ್ತದೆ. ಒಂದು ಊರಿನಲ್ಲಿ ಕೆರೆ ತುಂಬುವಷ್ಟು ಮಳೆ, ಪಕ್ಕದ ಊರಿನಲ್ಲಿ ಬಿಸಿಲು! ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರನ್ನು ಕೇಳಿದರೆ ಈ ಮಳೆಯ ಚೆಲ್ಲಾಟದ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾರೆ. ಕೆಳಗೆ ನಿಂತ ಚಾರಣಿಗನ ನೆತ್ತಿಯ ಮೇಲೆ ನೀಲಿ ಆಕಾಶವಿದ್ದು, ಹಳ್ಳದ ಮೇಲ್ಭಾಗದಲ್ಲಿ ಎರಡು ಮೈಲಿಯಾಚೆ ಮಳೆ ಸುರಿದಿದ್ದರೆ ಅವನಿಗೆ ಅದು ತಿಳಿಯುವುದು ನೀರು ಬಂದಾಗಲೇ. ಬೋಳುಗುಡ್ಡದ ಮೇಲೆ ಸಿಡಿಲಿನ ಭಯವೂ ಸೇರಿಕೊಳ್ಳುತ್ತದೆ. ಸಿಡಿಲಿನ ಮುನ್ಸೂಚನೆಗೆಂದೇ ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ 'ದಾಮಿನಿ' ಎಂಬ ಮೊಬೈಲ್ ಆ್ಯಪ್ ಇದೆ; ಬೆಟ್ಟ ಹತ್ತುವವರ ಫೋನಿನಲ್ಲಿ ಇರಬೇಕಾದದ್ದು.

ಪಶ್ಚಿಮ ಘಟ್ಟದ ಕಥೆ ಜೂನ್ ತಿಂಗಳದು. ಮುಂಗಾರು ಕಾಲಿಟ್ಟ ಮೊದಲೆರಡು ವಾರ ಜಲಪಾತಗಳ ಚಿತ್ರ ನೋಡಿ ಜನ ಮುಗಿಬೀಳುತ್ತಾರೆ. ಮಹಾರಾಷ್ಟ್ರದ ಲೋಣಾವಳದಲ್ಲಿ 2024ರ ಜೂನ್ 30ರಂದು ಭೂಶಿ ಅಣೆಕಟ್ಟಿನ ಬಳಿಯ ಜಲಪಾತದ ನಡುವಿನ ಬಂಡೆಯ ಮೇಲೆ ನಿಂತಿದ್ದ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಅವರು ನೀರಿಗಿಳಿದಾಗ ಅದು ಆಟವಾಡುವಷ್ಟೇ ನೀರು. ಮೇಲೆ ಸುರಿದ ಮಳೆ ಕೆಲವೇ ನಿಮಿಷಗಳಲ್ಲಿ ಅದನ್ನು ಹೊಳೆಯಾಗಿಸಿತು. ಒಬ್ಬರನ್ನೊಬ್ಬರು ತಬ್ಬಿ ನಿಂತ ಆ ಕುಟುಂಬದ ಕೊನೆಯ ಕ್ಷಣಗಳನ್ನು ದಡದಲ್ಲಿದ್ದವರು ಏನೂ ಮಾಡಲಾಗದೆ ನೋಡಬೇಕಾಯಿತು. ಕರ್ನಾಟಕದಲ್ಲಿ ಅರಣ್ಯ ಇಲಾಖೆ ಮಳೆಗಾಲದಲ್ಲಿ ಕುಮಾರ ಪರ್ವತದಂಥ ದಾರಿಗಳನ್ನು ಮುಚ್ಚುವುದುಂಟು. ಹಾಗೆ ಮುಚ್ಚಿದಾಗ ಕಣ್ಣುತಪ್ಪಿಸಿ ಒಳದಾರಿಯಲ್ಲಿ ನುಸುಳುವವರೂ ಉಂಟು. ಅಂಥವರನ್ನು ಹುಡುಕಲು ಕೊನೆಗೆ ಅದೇ ಇಲಾಖೆಯ ಕಾವಲುಗಾರರೇ ಜೀವ ಪಣಕ್ಕಿಟ್ಟು ಹಳ್ಳ ದಾಟಬೇಕಾಗುತ್ತದೆ ಎಂಬುದನ್ನು ಯಾರೂ ಯೋಚಿಸುವುದಿಲ್ಲ.

ಹಿಮಾಲಯದಲ್ಲಿ ಮಳೆ ಇಲ್ಲದೆಯೂ ಹಳ್ಳ ಏರುತ್ತದೆ. ಅಲ್ಲಿ ನೀರು ಕೊಡುವವನು ಸೂರ್ಯ. ಒಂದು ಗ್ರಾಂ ಹಿಮ ಕರಗಲು 80 ಕ್ಯಾಲೊರಿ ಶಾಖ ಬೇಕೆಂದು ಎಲ್ಲರೂ ಓದಿರುತ್ತಾರೆ. ರಾತ್ರಿ ಆ ಶಾಖ ಸಿಗದೆ ಕರಗುವಿಕೆ ತಗ್ಗುತ್ತದೆ. ಹಗಲೆಲ್ಲ ಬಿಸಿಲುಂಡ ಹಿಮ ಮಧ್ಯಾಹ್ನಕ್ಕೆ ಸುರಿಯತೊಡಗುತ್ತದೆ. ಆದ್ದರಿಂದಲೇ ಹಿಮದ ನೀರಿನ ಹೊಳೆಗಳು ಮುಂಜಾನೆ ತೆಳ್ಳಗೆ, ಮಧ್ಯಾಹ್ನದಿಂದ ಸಂಜೆಯವರೆಗೆ ಅಬ್ಬರ. ಬೆಳಿಗ್ಗೆ ಆರಕ್ಕೆ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಿದ ಹೊಳೆಯನ್ನು ಸಂಜೆ ನಾಲ್ಕಕ್ಕೆ ಅದೇ ಧೈರ್ಯದಲ್ಲಿ ದಾಟಲು ಹೋದವರು ಮೋಸಹೋಗುತ್ತಾರೆ. ದಾಟಲಾಗದ್ದು ಸಂಜೆಗೆ ಎದುರಾದರೆ ಅಲ್ಲೇ ಡೇರೆ ಹಾಕಿ ಮರುದಿನ ಬೆಳಕು ಹರಿಯುವವರೆಗೆ ಕಾಯುವುದು ತಿಳಿದವರ ಕ್ರಮ. ಕಾದರೆ ನೀರು ತಾನಾಗಿ ಇಳಿಯುತ್ತದೆ; ಇಷ್ಟು ಸುಲಭದ ಉಪಾಯ ಬೇರೊಂದಿಲ್ಲ.

ಮೇ ತಿಂಗಳಲ್ಲಿ ಇನ್ನೊಂದು ಬಗೆಯ ಹಳ್ಳವೂ ಉಂಟು, ಕಾಣದ ಹಳ್ಳ. ಮೇಲೆ ಹಿಮದ ಹಾಸು, ಕೆಳಗೆ ಹರಿಯುವ ನೀರು. ಬೆಳಿಗ್ಗೆ ಗಟ್ಟಿಯಾಗಿರುವ ಈ ಹಿಮಸೇತುವೆ ಬಿಸಿಲೇರಿದಂತೆ ಒಳಗಿನಿಂದ ತೆಳುವಾಗುತ್ತದೆ. ಸರ್ ಪಾಸ್‌ನಂಥ ಮೇ ತಿಂಗಳ ಜನಪ್ರಿಯ ಚಾರಣಗಳಲ್ಲಿ ನಸುಕಿಗೇ ಎಬ್ಬಿಸಿ ನಡೆಸುವುದರ ಕಾರಣಗಳಲ್ಲಿ ಇದೂ ಒಂದು. ನಿದ್ದೆಗಣ್ಣಿನ ಹುಡುಗರು ಗೊಣಗುವುದು ಬೇರೆ ಮಾತು.

ಋತು ಇನ್ನೂ ಪಕ್ವವಾಗಿರದ ಎತ್ತರದ ಬೆಟ್ಟಗಳಲ್ಲಿ ಹವಾಮಾನ ಏನು ಮಾಡಬಲ್ಲದು ಎಂಬುದಕ್ಕೆ 2024ರ ಜೂನ್ ಮೊದಲ ವಾರವನ್ನು ಕನ್ನಡಿಗರು ಮರೆಯಲಾರರು. ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿದ್ದ, ಬಹುಪಾಲು ಕರ್ನಾಟಕದವರೇ ಇದ್ದ 22 ಜನರ ತಂಡ ಮರಳುವ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ಅವರಲ್ಲಿ ಹಲವರು ಅನುಭವಿ ಚಾರಣಿಗರು. ಅಲ್ಲಿ ಕೊಂದದ್ದು ಚಳಿ, ಹೊಳೆಯಲ್ಲ. ಆದರೆ ಎರಡೂ ದೂರದ ನೆಂಟರೇನಲ್ಲ. ಗಾಳಿಗಿಂತ ನೀರು ದೇಹದ ಶಾಖವನ್ನು ಇಪ್ಪತ್ತು ಪಟ್ಟಿಗೂ ಮಿಕ್ಕಿ ವೇಗವಾಗಿ ಕಸಿಯುತ್ತದೆ. ಹಿಮದ ಹೊಳೆಯಲ್ಲಿ ಒಮ್ಮೆ ಬಿದ್ದು ಎದ್ದವನು ಒದ್ದೆಬಟ್ಟೆಯಲ್ಲಿ ಒಂದು ಗಂಟೆ ನಡೆದರೆ, ಹೊಳೆ ಬಿಟ್ಟ ಜೀವವನ್ನು ಚಳಿ ಬಿಡದೆ ಇರಬಹುದು.

ದಾಟಲೇಬೇಕಾದಾಗ

ದಾಟದೆ ಹಿಂತಿರುಗುವುದು ಯಾವಾಗಲೂ ಮೊದಲ ಆಯ್ಕೆ. ನೀರು ಕೆಂಪಾಗಿದ್ದರೆ, ಎಲೆ ಕಡ್ಡಿಗಳು ತೇಲಿಬರುತ್ತಿದ್ದರೆ, ಸದ್ದು ಇದ್ದಕ್ಕಿದ್ದಂತೆ ಬದಲಾದರೆ, ಅದು ಮೇಲೆ ಮಳೆಯಾದ ಸುದ್ದಿ. ಆಗ ದಾಟುವ ಮಾತಿಲ್ಲ, ಕೂಡಲೇ ಎತ್ತರದ ದಡ ಸೇರಬೇಕು. ಬೆಟ್ಟದ ಬುಡದ ಕುರಿಗಾಹಿಗಳು ಇದನ್ನು ಯಾವ ಪುಸ್ತಕವನ್ನೂ ಓದದೆ ಬಲ್ಲರು. ಮುಗಿಲು ಕಪ್ಪಾದರೆ ಮಂದೆಯನ್ನು ಹಳ್ಳದ ಈಚೆಗೆ ಹೊಡೆದುಕೊಂಡು ಬಂದುಬಿಡುತ್ತಾರೆ.

ನೀರು ತಿಳಿಯಾಗಿದ್ದು, ಇಳಿಮುಖವಾಗಿದ್ದು, ದಾಟುವುದು ಅನಿವಾರ್ಯವಾದರೆ ಮೊದಲು ಮಾಡಬೇಕಾದ ಕೆಲಸ ಕಣ್ಣಿನದು, ಕಾಲಿನದಲ್ಲ. ಹಳ್ಳದುದ್ದಕ್ಕೂ ಮೇಲೆ ಕೆಳಗೆ ಓಡಾಡಿ ಜಾಗ ಆರಿಸಬೇಕು. ಇಕ್ಕಟ್ಟಾದ ಜಾಗ ಹತ್ತಿರವೆನಿಸುತ್ತದೆ, ಆದರೆ ಅಲ್ಲೇ ಆಳ, ಅಲ್ಲೇ ರಭಸ. ಅಗಲವಾಗಿ ಹರಡಿ, ಕವಲೊಡೆದು ಹರಿಯುವ ಜಾಗವೇ ಲೇಸು. ದಾಟುವ ಜಾಗದ ಕೆಳಗೆ ಏನಿದೆ ಎಂಬುದು ಅದಕ್ಕಿಂತ ಮುಖ್ಯ. ಜಲಪಾತವೋ, ಬಿದ್ದ ಮರವೋ ಇದ್ದರೆ ಅಲ್ಲಿ ಮೊಣಕಾಲಿನ ನೀರೂ ಬೇಡ. ಒಂದು ಕಡ್ಡಿಯನ್ನು ನೀರಿಗೆಸೆದು ದಡದಲ್ಲಿ ಅದರ ಜೊತೆ ನಡೆದು ನೋಡಬೇಕು. ಓಡಬೇಕಾಗಿ ಬಂದರೆ ಆ ಹಳ್ಳ ದಾಟುವಂಥದ್ದಲ್ಲ.

ಬೂಟು ಕಳಚುವುದು ಬಹುಮಂದಿ ಮಾಡುವ ತಪ್ಪು. ಒದ್ದೆಯಾಗುತ್ತದೆಂಬ ಚಿಂತೆಗೆ ಬರಿಗಾಲಿನಲ್ಲಿ ಇಳಿದರೆ ಒಂದು ಚೂಪುಗಲ್ಲು ಸಾಕು, ಕಾಲು ತಾನಾಗಿ ಎತ್ತುತ್ತದೆ, ಆಯ ತಪ್ಪುತ್ತದೆ. ಬೆನ್ನಚೀಲದ ಸೊಂಟಪಟ್ಟಿಯನ್ನೂ ಎದೆಪಟ್ಟಿಯನ್ನೂ ಬಿಚ್ಚಿಕೊಂಡಿರಬೇಕು, ಬಿದ್ದರೆ ಚೀಲವನ್ನು ಕಳಚಿ ಎಸೆಯಲು ಆಗುವಂತೆ. ಗಟ್ಟಿ ಕೋಲೊಂದನ್ನು ನೀರು ಬರುವ ದಿಕ್ಕಿಗೆ ಊರಿ, ಅತ್ತ ಕಡೆಗೇ ಮುಖಮಾಡಿ, ಏಡಿಯಂತೆ ಅಡ್ಡಡ್ಡವಾಗಿ ಸರಿಯಬೇಕು. ಎರಡು ಕಾಲು, ಒಂದು ಕೋಲು: ಮೂರರಲ್ಲಿ ಎರಡು ಯಾವಾಗಲೂ ನೆಲದ ಮೇಲಿರಬೇಕು. ಕ್ಯಾಮೆರಾ ಹಿಡಿಯುವ ತ್ರಿಪಾದಿ ಅಲುಗದೆ ನಿಲ್ಲುವ ತತ್ವವೇ ಇದು. ಗುಂಪಾಗಿದ್ದರೆ ಬಲಿಷ್ಠನಾದವನು ನೀರಿಗೆದುರಾಗಿ ಮುಂದೆ, ಉಳಿದವರು ಅವನ ಬೆನ್ನಿಗೆ ಒಬ್ಬರ ಹಿಂದೊಬ್ಬರು ಭುಜ ಹಿಡಿದು ನಿಂತು ಒಟ್ಟಿಗೆ ಸರಿದರೆ ನೀರಿನ ನೂಕು ಬಹುಪಾಲು ಮೊದಲನೆಯವನ ಮೇಲೆ ಬಿದ್ದು ಉಳಿದವರಿಗೆ ಮರೆ ಸಿಗುತ್ತದೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ದಾಟುವುದು ಸಿನಿಮಾದಲ್ಲಿ ಚೆನ್ನ. ನಿಜದಲ್ಲಿ, ಬಿದ್ದವನನ್ನು ಬಿಗಿದ ಹಗ್ಗವೇ ನೀರಿನಡಿಗೆ ಅದುಮಿ ಹಿಡಿಯುತ್ತದೆ.

ಬಿದ್ದರೆ? ಎದ್ದು ನಿಲ್ಲಬೇಕೆಂಬುದು ಮೊದಲ ತುಡಿತ. ರಭಸದ ನೀರಿನಲ್ಲಿ ಹಾಗೆ ನಿಲ್ಲಲು ಹೋದ ಕಾಲು ಬಂಡೆಗಳ ಸಂದಿಗೆ ಸಿಕ್ಕಿತೆಂದರೆ ದೇಹ ಮುಂದಕ್ಕೆ ಮಡಚಿ ಬೀಳುತ್ತದೆ. ಬೆನ್ನಮೇಲೆ ತೇಲುತ್ತ, ಕಾಲುಗಳನ್ನು ಹರಿವಿನ ದಿಕ್ಕಿಗೆ ಮುಂದೆ ಚಾಚಿ ಮೇಲೆತ್ತಿ, ಬಂಡೆಗಳನ್ನು ಪಾದದಿಂದ ತಳ್ಳುತ್ತ, ನೀರು ಸೌಮ್ಯವಾದ ಕಡೆ ಓರೆಯಾಗಿ ದಡಕ್ಕೆ ಸರಿಯಬೇಕು. ಮುಖ್ಯವಾದ ಇನ್ನೊಂದು: ಬಿದ್ದವನ ಹಿಂದೆ ಗೆಳೆಯ ಧುಮುಕಬಾರದು. ಕೋಲು ಚಾಚಬಹುದು, ಹಗ್ಗ ಎಸೆಯಬಹುದು, ದಡದಲ್ಲಿ ಕೆಳಗೆ ಓಡಿ ಕಾಯಬಹುದು. ಒಂದರ ಬದಲು ಎರಡು ಸಾವಿನ ಸುದ್ದಿಗಳು ಪತ್ರಿಕೆಗೆ ಬರುವುದು ಸ್ನೇಹದಿಂದಲೇ.

ಹೆತ್ತವರು ಕೇಳಬೇಕಾದ್ದು

ಹಿಮಾಚಲದ ಬಿಯಾಸ್ ನದಿಯಲ್ಲಿ 2014ರ ಜೂನ್ 8ರಂದು ಹೈದರಾಬಾದಿನಿಂದ ಪ್ರವಾಸ ಬಂದಿದ್ದ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದಾಗ ಅಲ್ಲಿ ಮಳೆಯೂ ಇರಲಿಲ್ಲ, ಹಿಮವೂ ಕಾರಣವಲ್ಲ. ಮೇಲಿನ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಬಂಡೆಗಳ ಮೇಲೆ ಫೋಟೊ ತೆಗೆಸಿಕೊಳ್ಳುತ್ತಿದ್ದವರಿಗೆ ಮೇಲೊಂದು ಅಣೆಕಟ್ಟಿದೆ ಎಂಬ ಅರಿವಾದರೂ ಇತ್ತೋ ಇಲ್ಲವೋ. 2024ರ ಡಿಸೆಂಬರ್ 10ರಂದು ನೆರೆಯ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಮುರುಡೇಶ್ವರಕ್ಕೆ ಪ್ರವಾಸ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಅದು ಹಳ್ಳವಲ್ಲ, ಕಡಲು. ಆದರೆ ಒಣ ಸೀಮೆಯ ಮಕ್ಕಳು ಮೊದಲ ಸಲ ಚಲಿಸುವ ನೀರಿನ ಮುಂದೆ ನಿಂತಾಗಿನ ಸಂಭ್ರಮ, ಅದರ ಬಲದ ಬಗ್ಗೆ ಏನೂ ಅರಿಯದ ಮುಗ್ಧತೆ ಎರಡೂ ಕಡೆ ಒಂದೇ.

ಚಾರಣವೆಂದರೆ ಒಪ್ಪಿಗೆ ಪತ್ರ ಮನೆಗೆ ಬರುತ್ತದೆ. ಎಷ್ಟು ದಿನ, ಎಷ್ಟು ಹಣ, ಸಸ್ಯಾಹಾರವೋ ಅಲ್ಲವೋ, ಎಲ್ಲವೂ ಅದರಲ್ಲಿರುತ್ತದೆ. ದಾರಿಯಲ್ಲಿ ಎಷ್ಟು ಹಳ್ಳಗಳಿವೆ, ಸೇತುವೆ ಇದೆಯೇ, ಮೇಲೆ ಅಣೆಕಟ್ಟು ಇದೆಯೇ, ಮಳೆ ಬಂದರೆ ಹಿಂತಿರುಗುವ ಇನ್ನೊಂದು ದಾರಿ ಯಾವುದು, ಹಳ್ಳ ತುಂಬಿದರೆ ಕಾಯಲು ಒಂದು ದಿನದ ಹೆಚ್ಚುವರಿ ಊಟ ಒಯ್ಯುತ್ತಾರೆಯೇ ಎಂಬುದು ಮಾತ್ರ ಇರುವುದಿಲ್ಲ. ಕೊನೆಯ ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ಭಾನುವಾರ ಸಂಜೆಯ ಬಸ್ಸು ತಪ್ಪುತ್ತದೆ, ಸೋಮವಾರ ತರಗತಿ ಇದೆ ಎಂಬ ಅವಸರವೇ ಎಷ್ಟೋ ತಂಡಗಳನ್ನು ತುಂಬಿದ ಹಳ್ಳಕ್ಕೆ ಇಳಿಸುವುದು. 'ತಡವಾದರೆ ಆಗಲಿ, ಬೈಯುವುದಿಲ್ಲ' ಎಂದು ಅಪ್ಪ ಅಮ್ಮ ಹೊರಡುವಾಗಲೇ ಹೇಳಿ ಕಳಿಸಿದರೆ ಹುಡುಗರ ಮೇಲಿನ ಅರ್ಧ ಭಾರ ಇಳಿದಂತೆ.

ಸ್ಕಂದಗಿರಿಯ ಬುಡದಿಂದ ಕೂಗಳತೆಯಲ್ಲೇ ಎನ್ನಬಹುದಾದ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು ಬೆಳೆದದ್ದು ಇದೇ ಒಣ ಸೀಮೆಯಲ್ಲಿ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ಹಾಳುಗೆಡವಿದಾಗ ಅವರನ್ನು ಕರೆಸಲಾಯಿತು. ನಗರದ ಪ್ರವಾಹಕ್ಕೆ ಮದ್ದನ್ನು ಅವರು ಹುಡುಕಿದ್ದು ನಗರದಲ್ಲಲ್ಲ, ನದಿಯ ಮೇಲ್ಭಾಗದಲ್ಲಿ. ಅಲ್ಲಿ ಎಷ್ಟು ಮಳೆ ಬಿತ್ತು, ಎಷ್ಟು ನೀರು ಇಳಿಯಿತು ಎಂದು ಲೆಕ್ಕ ಹಾಕಿ, ನೀರನ್ನು ಮೇಲೆಯೇ ತಡೆಯುವ ಜಲಾಶಯಗಳನ್ನು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹುಟ್ಟಿದ್ದು ಹಾಗೆ. ಹಳ್ಳದ ದಡದಲ್ಲಿ ನಿಂತ ಚಾರಣಿಗ ಮಾಡಬೇಕಾದದ್ದೂ ಅದನ್ನೇ, ಎದುರಿನ ದಡವನ್ನಲ್ಲ, ಮೇಲಿನ ಕಣಿವೆಯನ್ನು ನೋಡುವುದು.

ಇದನ್ನು ಕಲಿಯಲು ಹಿಮಾಲಯಕ್ಕೇನೂ ಹೋಗಬೇಕಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ, ಈ ಜಿಲ್ಲೆಗೆ ಹೆಚ್ಚು ಮಳೆ ಬರುವ ದಿನಗಳಲ್ಲಿ, ಊರ ಪಕ್ಕದ ಯಾವುದಾದರೂ ಕಾಲುವೆಯಲ್ಲಿ ಪಾದ ನೆನೆಯುವಷ್ಟು ನೀರಿದ್ದರೆ ಸಾಕು. ಶಿಕ್ಷಕರು ಜೊತೆಗಿರಬೇಕು. ದಡದಲ್ಲಿ ಟೇಪು ಹಿಡಿದು 10 ಮೀಟರ್ ಅಳೆದು ಎರಡು ಗೂಟ ನೆಟ್ಟು, ಮೇಲಿನ ಗೂಟದ ಬಳಿ ಒಂದು ಕಿತ್ತಳೆಹಣ್ಣನ್ನು ನೀರಿಗೆ ಬಿಡಬೇಕು. ಕಿತ್ತಳೆಯೇ ಏಕೆಂದರೆ ಅದು ಮುಕ್ಕಾಲು ಮುಳುಗಿ ತೇಲುತ್ತದೆ, ಗಾಳಿಗೆ ಸಿಕ್ಕುವುದಿಲ್ಲ, ಬಣ್ಣದಿಂದ ದೂರಕ್ಕೂ ಕಾಣುತ್ತದೆ. ಅದು ಕೆಳಗಿನ ಗೂಟ ಮುಟ್ಟಲು ಹಿಡಿದ ಸೆಕೆಂಡುಗಳನ್ನು ಕೈಗಡಿಯಾರದಲ್ಲಿ ಎಣಿಸಿ, ಹತ್ತನ್ನು ಅದರಿಂದ ಭಾಗಿಸಿದರೆ ನೀರಿನ ವೇಗ ಸಿಕ್ಕಿತು. ಕಾಲುವೆಯ ನಡುವೆ ಒಮ್ಮೆ, ಅಂಚಿನಲ್ಲಿ ಒಮ್ಮೆ, ಇಕ್ಕಟ್ಟಿನಲ್ಲಿ ಒಮ್ಮೆ, ಅಗಲದಲ್ಲಿ ಒಮ್ಮೆ ಬಿಟ್ಟು ನೋಡಿ, ಬಂದ ಅಂಕಿಗಳನ್ನು ಒಂದು ಪಟ್ಟಿ ಮಾಡಿ, ಪ್ರತಿಯೊಂದರ ವರ್ಗವನ್ನು ಪಕ್ಕದಲ್ಲಿ ಬರೆದಿಡಬೇಕು. ಮಳೆ ಬಂದ ಮರುದಿನ ಅದೇ ಗೂಟಗಳ ನಡುವೆ, ದಡದಲ್ಲೇ ನಿಂತು, ಇನ್ನೊಂದು ಕಿತ್ತಳೆ.